ಸಹಾಯ ಬೇಕು: ಕೊರತೆ, ಅಭಾವ, ಸಾಲದು – ಯಾವುದು ಎಲ್ಲಿ?

ನಮಸ್ಕಾರ. ಒಡಿಶಾದ ಸಹೋದ್ಯೋಗಿಯೊಬ್ಬರಿಗೆ ಕನ್ನಡ ಕಲಿಸ್ತಿದೀನಿ. ಮೊನ್ನೆ ಊಟಕ್ಕೆ ಕೂತಾಗ 'ಸಾರಲ್ಲಿ ಉಪ್ಪಿನ ಅಭಾವವಿದೆ' ಅಂದುಬಿಟ್ರು. ಪೇಪರ್ ಓದಿ ಕಲಿತ ಕನ್ನಡ! 'ಉಪ್ಪು ಸಾಲದು' ಅನ್ನಿ ಅಂದೆ. 'ಸಾಲ ಅಂದ್ರೆ ಲೋನ್ ಅಲ್ವಾ?' ಅಂದ್ರು. ಇದು 'ಸಾಲು' ಅನ್ನೋ ಕ್ರಿಯಾಪದದ ನಿಷೇಧರೂಪ, ಸಾಕಾಗಲ್ಲ ಅಂತ ಅರ್ಥ ಅಂತ ಹೇಗೋ ದಾಟಿಸಿದೆ. ಆದ್ರೆ 'ಸಾಲದ್ದಕ್ಕೆ ಮಳೆ ಬೇರೆ' ಅನ್ನುವಾಗ ಕೊರತೆ ಎಲ್ಲಿದೆ, ಹೆಚ್ಚೇ ಆಯ್ತಲ್ಲ ಅಂತ ಕೇಳಿದ್ದಕ್ಕೆ ಉತ್ತರ ಹೊಳೀಲಿಲ್ಲ.

ಇನ್ನೊಂದು: 'ನೀರಿನ ಕೊರತೆ' ಅಂತೀವಿ, ಆದ್ರೆ 'ನೀರಿಗೆ ತತ್ವಾರ', 'ನೀರಿಗೆ ಬರ'. ಈ 'ಗೆ' ಯಾಕೆ? ಧಾರವಾಡದ ಕಡೆಯವರು ಮನೆಯಲ್ಲಿ ಏನಂತೀರಿ? ನಿಘಂಟಿನ ಅರ್ಥ ಬೇಡ, ಆಡುಮಾತಿನ ವಾಕ್ಯ ಕೊಟ್ರೆ ಉಪಕಾರ.