ಅತ್ತಿಗೆಗೆ, 2021ರ ಮೇ: ಜಗಲಿ ಕೋಣೆ, 94 ಅನ್ನೋ ನಂಬರ್, ಹಗಲಲ್ಲೇ ಹೊರಡೋದು

ಅತ್ತಿಗೆ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಈ ವಾಟ್ಸ್ಯಾಪ್ ಗುಂಪಲ್ಲಿ ಮಾತಲ್ಲೇ ಹೇಳ್ತಿದೀನಿ. ಸ್ವಲ್ಪ ಉದ್ದ ಆಗತ್ತೆ. ಗುಡ್ಡದ ಮೇಲೆ ನೆಟ್‌ವರ್ಕ್ ಸಿಕ್ಕಾಗ ಇಳಿಸ್ಕೊಂಡು ಮನೆಗೆ ಹೋಗಿ ಕೇಳಿ. ನೀವು ಕೇಳಿದ್ದು ಇಷ್ಟು: ವಾರದ ಹಿಂದೆ ಬೆಂಗಳೂರಿಂದ ಬಂದ ಮಗನಿಗೆ ರ‍್ಯಾಪಿಡ್ ಟೆಸ್ಟಲ್ಲಿ ಕೋವಿಡ್ ಪಾಸಿಟಿವ್, 15ನೇ ತಾರೀಕಿಂದ ಜ್ವರ. ಮನೇಲಿ ಸಕ್ಕರೆ ಕಾಯಿಲೆ ಇರೋ 72ರ ಅಜ್ಜಿ. ಒಂದೇ ಬಚ್ಚಲು, ಕೊಟ್ಟಿಗೇಲಿ ಎರಡು ದನ, ತೌಕ್ತೆ ಚಂಡಮಾರುತದ ಮಳೆಗೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ಅವನನ್ನ ಮೆತ್ತಿನ (ಅಟ್ಟದ) ಮೇಲೆ ಮಲಗಿಸೋದಾ, ಜಗಲಿ ಕೋಣೇಲಾ ಅಂತ.

ಜಗಲಿ ಕೋಣೆ. ಮೆತ್ತು ಬೇಡ. ಮೇಲೆ ಇಟ್ರೆ ದೂರ ಆಯ್ತು ಅಂತ ಅನ್ಸತ್ತೆ, ಆದ್ರೆ ಹಲಗೆ ಸಂದೀಲಿ ಗಾಳಿ ಕೆಳಗೂ ಬರತ್ತೆ, ಬಿಸಿಲು ಬಿತ್ತು ಅಂದ್ರೆ ಹಂಚಿನ ಕೆಳಗೆ ಧಗೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕಡಿದಾದ ಏಣಿಮೆಟ್ಟಿಲು. ಜ್ವರ ಬಂದು ಸುಸ್ತಾದವನು ರಾತ್ರಿ ಕತ್ತಲಲ್ಲಿ ಮೂತ್ರಕ್ಕೆ ಇಳೀತಾ ತಲೆ ತಿರುಗಿ ಬಿದ್ರೆ ಅದು ಕೋವಿಡ್‌ಗಿಂತ ದೊಡ್ಡ ಕತೆ. ಜಗಲಿ ಕೋಣೆಗೆ ಅಂಗಳದ ಕಡೆ ಬಾಗಿಲಿದೆ, ಊಟ ಕೊಡೋರು ನಡುಮನೆ ಮುಟ್ಟದೇ ಹೊರಗಿಂದಾನೇ ಹೋಗಬಹುದು. ಒಳಗಿನ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೇ ಪಂಚೆ ಸುತ್ತಿ ಇಡಿ. ಅಂಗಳದ ಕಡೆ ಕಿಟಕಿ ಹಗಲೂ ರಾತ್ರಿ ತೆಗೆದೇ ಇರ್ಲಿ. ಇರಚಲು ಹೊಡೆದ್ರೆ ಪೂರ್ತಿ ಮುಚ್ಚೋದಕ್ಕಿಂತ ಹೊರಗೆ ಒಂದು ತಾರ್ಪಾಲು ಕಟ್ಟಿ. ಕರೆಂಟ್ ಬಂದಾಗ ಟೇಬಲ್ ಫ್ಯಾನನ್ನ ಅವನ ಮುಖಕ್ಕೆ ಇಡಬೇಡಿ, ಕಿಟಕಿ ಕಡೆಗೆ ತಿರುಗಿಸಿ ಇಡಿ, ಒಳಗಿನ ಗಾಳಿ ಹೊರಗೆ ಹೋಗೋ ಹಂಗೆ. ಇನ್ನೊಂದು, ಒಲೆ ಉರಿಯುವಾಗ ಬಿಸಿ ಹೊಗೆ ಹಂಚಿನ ಸಂದೀಲಿ ಮೇಲೆ ಹೋಗತ್ತೆ, ಆ ಜಾಗಕ್ಕೆ ಮನೆಯ ಉಳಿದ ಗಾಳಿ ನುಗ್ಗತ್ತೆ. ಹಂಗಾಗಿ ಅಡಿಗೆಮನೆ ಹಿತ್ತಿಲ ಬಾಗಿಲು ತೆಗೆದಿಟ್ಟು, ನಡುಮನೆ ಕಡೆ ಬಾಗಿಲು ಮುಚ್ಚಿ.

ಅವನನ್ನ ನೋಡ್ಕೊಳ್ಳೋದು ಒಬ್ಬರೇ. ಅಣ್ಣ ಆಗ್ಲಿ. ನೀವು ಅಡಿಗೆ ಮತ್ತೆ ಅಜ್ಜಿ. ಇಬ್ಬರೂ ಎರಡೂ ಕೆಲಸ ಮಾಡೋದಾದ್ರೆ ಕೋಣೆ ಬೇರೆ ಮಾಡಿದ್ದಕ್ಕೆ ಅರ್ಥ ಇಲ್ಲ. ಅಣ್ಣ ಒಳಗೆ ಹೋಗುವಾಗ ಎನ್95, ಮಗನೂ ಆಗ ಮಾಸ್ಕ್ ಹಾಕ್ಲಿ. ಮಾಸ್ಕ್ ಒದ್ದೆ ಆದ್ರೆ ಕೆಲಸಕ್ಕೆ ಬರಲ್ಲ, ಈ ಹವೆಯಲ್ಲಿ ಒಣಗೋದೂ ಇಲ್ಲ. ಐದು ಇಟ್ಕೊಂಡು ಒಂದೊಂದು ದಿನ ಒಂದೊಂದು ಅಂತ ಕಾಗದದ ಚೀಲದಲ್ಲಿ ಹಾಕಿ ತೂಗು ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ರೆ ಬೂಸ್ಟು ಹಿಡಿಯತ್ತೆ.

ಅಜ್ಜಿ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಅವನು ಬಂದು ವಾರ ಆಗಿದೆ, ಒಟ್ಟಿಗೆ ಊಟ ಮಾಡಿದಾರೆ. ಅಂದ್ರೆ ಅವರಿಗೆ ಈಗಾಗಲೇ ತಗುಲಿರಬಹುದು ಅಂತಾನೇ ಲೆಕ್ಕ. ಇವತ್ತಿಂದ 14 ದಿನ ಅಜ್ಜಿಗೂ ಬೆಳಿಗ್ಗೆ ಸಂಜೆ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ನೋಡೋದು), ಜ್ವರ ಎರಡೂ ನೋಡಿ. ಅಜ್ಜಿಗೆ ಮೈ ಬಿಸಿ ಆದ್ರೆ, ಕೆಮ್ಮಿದ್ರೆ, ಊಟ ಬೇಡ ಅಂದ್ರೆ ಅವತ್ತೇ ಟೆಸ್ಟ್, ಅವತ್ತೇ ಡಾಕ್ಟರು. ಮಗನ ಹಂಗೆ ಮನೇಲೇ ಇಟ್ಟು ನೋಡೋಣ ಅನ್ನೋದು ಅವರ ವಯಸ್ಸಿಗೆ, ಆ ಸಕ್ಕರೆಗೆ ಡಾಕ್ಟರು ಹೇಳದೇ ಮಾಡೋ ತೀರ್ಮಾನ ಅಲ್ಲ. ಸಕ್ಕರೆ ಮಾತ್ರೆ, ಬಿಪಿ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ. ಎಷ್ಟು ಉಳಿದಿದೆ ಈಗಲೇ ಎಣಿಸಿ, ತಿಂಗಳಿಗೆ ಆಗೋಷ್ಟು ತರಿಸಿ. ಲಾಕ್‌ಡೌನ್ 24ರ ತನಕ ಅಂತಾರೆ, ಮುಂದೆ ಹೋಗಲ್ಲ ಅಂತ ಯಾರು ಕಂಡಿದಾರೆ.

ಈಗ ಆಕ್ಸಿಮೀಟರ್. ಎರಡು ಸಣ್ಣ ಸೆಲ್ ಹಾಕ್ತಾರಲ್ಲ, ಹೊಸದು ಎರಡು ಜೊತೆ ತಂದಿಟ್ಕೊಳ್ಳಿ. ಸೆಲ್ ಇಳಿದ್ರೆ ನಂಬರ್ ಕುಣಿಯತ್ತೆ, ಜನ ಹೆದರ್ತಾರೆ. ನೋಡೋ ಮುಂಚೆ ಐದು ನಿಮಿಷ ಸುಮ್ಮನೆ ಕೂರಬೇಕು. ಮಳೆ ಚಳಿಗೆ ಬೆರಳು ತಣ್ಣಗಿರತ್ತೆ, ಆಗ 88, 90 ಅಂತ ಸುಳ್ಳು ತೋರಿಸತ್ತೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿ. ಉಗುರು ಬಣ್ಣ, ಮದರಂಗಿ ಇದ್ದ ಬೆರಳು ಬೇಡ. ನಡು ಬೆರಳು ಇಲ್ಲಾ ತೋರುಬೆರಳು ಹಾಕಿ, ಕೈ ಎದೆ ಮಟ್ಟಕ್ಕೆ ಇಟ್ಕೊಂಡು, ನಂಬರ್ ನಿಂತ ಮೇಲೆ ಓದಿ. ಮೊದಲ ಕ್ಷಣ ಬಂದಿದ್ದನ್ನ ಬರೀಬೇಡಿ. ಕಡಿಮೆ ಬಂದ್ರೆ ಬೇರೆ ಬೆರಳಲ್ಲಿ ಇನ್ನೊಂದು ಸಲ. ಎರಡೂ ಸಲ ಕಡಿಮೆ ಇದ್ರೆ ಅದು ನಿಜ.

ಅವನಿಗೆ ಇನ್ನೊಂದು ಪರೀಕ್ಷೆ, ದಿನಕ್ಕೆ ಎರಡು ಸಲ. ಮೊದಲು ಕೂತು ನೋಡಿ ಬರ್ಕೊಳ್ಳೋದು, ಆಮೇಲೆ ಕೋಣೆ ಒಳಗೇ ಆರು ನಿಮಿಷ ಸಾಮಾನ್ಯ ನಡಿಗೆ, ತಕ್ಷಣ ಮತ್ತೆ ನೋಡೋದು. ನಡೆದ ಮೇಲೆ 94ಕ್ಕಿಂತ ಕೆಳಗೆ ಹೋದ್ರೆ, ಇಲ್ಲಾ ಮೊದಲಿಗಿಂತ ಮೂರು ನಾಲ್ಕು ಅಂಕ ಬಿದ್ರೆ, ಡಾಕ್ಟರಿಗೆ ಫೋನು. ಕೂತಾಗಲೇ 94ಕ್ಕಿಂತ ಕಡಿಮೆ ಇದ್ದವರನ್ನ, ಏದುಸಿರು ಬಿಡೋರನ್ನ ನಡೆಸಬಾರದು.

ಈ ಕಾಯಿಲೆ ಕೈ ಕೊಡೋದು ಸಾಮಾನ್ಯವಾಗಿ ಜ್ವರ ಶುರುವಾದ ಐದರಿಂದ ಹತ್ತನೇ ದಿನದ ಒಳಗೆ. ಜ್ವರ ಬಿಟ್ಟಿತು ಅಂತ ಎಲ್ಲರೂ ಉಸಿರು ಬಿಡುವಾಗಲೇ ಒಳಗೆ ಆಕ್ಸಿಜನ್ ಇಳೀತಾ ಇರತ್ತೆ, ರೋಗಿಗೆ ಗೊತ್ತೇ ಆಗಲ್ಲ, ಫೋನ್ ನೋಡ್ತಾ ಮಲಗಿರ್ತಾನೆ. ಅವನಿಗೆ ಆ ದಿನಗಳು 19ರಿಂದ 24ನೇ ತಾರೀಕು. ಆಗ ನಾಲ್ಕು ಗಂಟೆಗೊಮ್ಮೆ ನೋಡಿ. ಕ್ಯಾಲೆಂಡರ್ ಹಿಂದೆ ಗೆರೆ ಹಾಕಿ: ಟೈಮು, ಜ್ವರ, ಆಕ್ಸಿಜನ್, ನಾಡಿ, ಉಸಿರು. ಉಸಿರು ಅಂದ್ರೆ ಹೊಟ್ಟೆ ಎಷ್ಟು ಸಲ ಏಳತ್ತೆ ಅಂತ ಪೂರ್ತಿ ಒಂದು ನಿಮಿಷ ಎಣಿಸೋದು, ಅವನಿಗೆ ಹೇಳದೇ. ಹೇಳಿದ್ರೆ ಬೇಕಂತಲೇ ನಿಧಾನ ಮಾಡ್ತಾರೆ. ನಿಮಿಷಕ್ಕೆ 24 ಉಸಿರು ದಾಟಿದ್ರೆ ಸರಿಯಿಲ್ಲ. ಸೆಲ್ ಮುಗಿದು ಆಕ್ಸಿಮೀಟರ್ ಸತ್ತರೂ ಈ ಎಣಿಕೆ ನಿಮ್ಮ ಕೈಲಿರತ್ತೆ.

ಪೇಟೆಯವರಿಗೂ ನಮಗೂ ವ್ಯತ್ಯಾಸ ಬರೋದು ಇಲ್ಲೇ. ಶಿವಮೊಗ್ಗದಲ್ಲಿ ಇರೋರು ರಾತ್ರಿ 92 ಬಂತು ಅಂದ್ರೆ ಹತ್ತು ನಿಮಿಷದಲ್ಲಿ ಮೆಗ್ಗಾನ್ ಆಸ್ಪತ್ರೆ ಬಾಗಿಲಲ್ಲಿ ಇರ್ತಾರೆ. ತೀರ್ಥಹಳ್ಳಿಯಿಂದಾನೇ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಹತ್ರ, ನಿಮ್ಮ ಮನೆಯಿಂದ ತೀರ್ಥಹಳ್ಳಿಗೆ ಬರೋದೇ ಒಂದು ಪ್ರಯಾಣ. ಮಳೆಗೆ ಮರ ಬಿದ್ದಿರತ್ತೆ, 108ಕ್ಕೆ ಫೋನ್ ಮಾಡೋಕೂ ಗುಡ್ಡ ಹತ್ತಬೇಕು, ಆಂಬ್ಯುಲೆನ್ಸ್‌ನವರಿಗೆ ರಾತ್ರಿ ದಾರಿ ಹೇಳೋದೂ ಸುಲಭ ಅಲ್ಲ. ಹಂಗಾಗಿ 90ಕ್ಕೆ ಇಳಿದ ಮೇಲೆ ಹೊರಡೋಣ ಅನ್ನೋ ಗೆರೆ ನಿಮ್ಮನೆಗೆ ಇಲ್ಲವೇ ಇಲ್ಲ. 94ಕ್ಕೆ ಬಂತು, ಒಂದು ಗಂಟೆ ಬಿಟ್ಟು ನೋಡಿದ್ರೂ ಅಷ್ಟೇ ಅಂದ್ರೆ ಹೊರಡೋ ತಯಾರಿ. ಮಧ್ಯಾಹ್ನ ಮೂರು ಗಂಟೆ ನಂಬರ್ ನೋಡಿ ತೀರ್ಮಾನ ಮಾಡಿ, ರಾತ್ರಿ ಒಂಬತ್ತಕ್ಕಲ್ಲ. ಅನುಮಾನ ಇದ್ರೆ ಹಗಲಲ್ಲೇ ಹೊರಡಿ, ಏನೂ ಇಲ್ಲ ಅಂತ ವಾಪಸ್ ಕಳಿಸಿದ್ರೆ ನಷ್ಟ ಡೀಸೆಲ್ ಮಾತ್ರ. ಎದೆ ನೋವು, ಮಾತು ತೊದಲೋದು, ಮಂಕು, ತುಟಿ ನೀಲಿ, ಇದ್ಯಾವುದು ಕಂಡ್ರೂ ನಂಬರ್ ಕಾಯಬೇಡಿ.

ಗಾಡಿ ಯಾರದ್ದು ಅಂತ ಇವತ್ತೇ ಗೊತ್ತು ಮಾಡ್ಕೊಳ್ಳಿ. ಪಾಸಿಟಿವ್ ಅಂತ ಮುಚ್ಚಿಟ್ಟು ಕರೀಬೇಡಿ, ಹೇಳಿಯೇ ಒಪ್ಪಿಸಿ. ಇಬ್ಬರನ್ನ ಒಪ್ಪಿಸಿಟ್ರೆ ಒಳ್ಳೇದು. ಕಿಟಕಿ ಎಲ್ಲಾ ಇಳಿಸಿ, ಎಸಿ ಬೇಡ, ಮಗ ಹಿಂದಿನ ಸೀಟಿನ ಎಡಮೂಲೆ. ಗಾಡಿಯಲ್ಲಿ ಒಂದು ಗರಗಸ, ಕತ್ತಿ, ಟಾರ್ಚ್. ಒಂದು ಚೀಲ ಕಟ್ಟಿ ಬಾಗಿಲ ಹಿಂದೆ ತೂಗಿಸಿ: ಆಧಾರ್, ಟೆಸ್ಟ್ ಚೀಟಿ, ಎಸ್‌ಆರ್‌ಎಫ್ ನಂಬರ್ (ಟೆಸ್ಟ್ ಮಾಡಿದಾಗ ಕೊಡೋ ಗುರುತಿನ ಸಂಖ್ಯೆ) ದೊಡ್ಡದಾಗಿ ಬರೆದ ಹಾಳೆ, ಕ್ಯಾಲೆಂಡರ್ ಲೆಕ್ಕ, ಚಾರ್ಜರ್, ಹೊದಿಕೆ, ಎರಡು ಬಾಟ್ಲಿ ನೀರು. ಆ ಎಸ್‌ಆರ್‌ಎಫ್ ನಂಬರ್ ಇಲ್ಲದೆ ದಾಖಲಾತಿಗೆ ಒದ್ದಾಟ, ಆಶಾ ಕಾರ್ಯಕರ್ತೆ ಹತ್ರ ಈಗಲೇ ಕೇಳಿ ಬರ್ಕೊಳ್ಳಿ.

ಗಾಡಿ ಬರೋ ತನಕ ಬೋರಲು ಮಲಗಿಸಿ. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆ ತನಕ ಒಂದೋ ಎರಡೋ, ಮೊಣಕಾಲಿಂದ ಕೆಳಗೆ ಎರಡು. ಅಷ್ಟು ದಿಂಬು ಇಲ್ಲದಿದ್ರೆ ಕಂಬಳಿ ಸುತ್ತಿ ಇಡಿ. ಅರ್ಧ ಗಂಟೆ ಬೋರಲು, ಆಮೇಲೆ ಬಲ ಮಗ್ಗುಲು, ಒರಗಿ ಕೂರೋದು, ಎಡ ಮಗ್ಗುಲು, ಮತ್ತೆ ಬೋರಲು. ಊಟ ಆಗಿ ಒಂದು ಗಂಟೆ ಬಿಟ್ಟು. ಬಸುರಿಯರಿಗೆ, ಹೃದಯದ ದೊಡ್ಡ ತೊಂದರೆ ಇದ್ದವರಿಗೆ ಇದು ಬೇಡ, ಗುಂಪಿನಲ್ಲಿ ಬೇರೆಯವರೂ ಕೇಳ್ತಿರ್ತೀರಿ ಅಂತ ಹೇಳ್ದೆ. ಇದು ಆಸ್ಪತ್ರೆ ಮುಟ್ಟೋ ತನಕದ ಉಪಾಯ, ಬೋರಲು ಮಲಗಿ 95 ಬಂತು ಅಂತ ಗಾಡಿ ವಾಪಸ್ ಕಳಿಸ್ಬೇಡಿ.

ಮಾತ್ರೆ: ಜ್ವರಕ್ಕೆ ಪ್ಯಾರಾಸಿಟಮಾಲ್ 650, ಎರಡರ ಮಧ್ಯೆ ಆರು ಗಂಟೆ, ದಿನಕ್ಕೆ ನಾಲ್ಕು ದಾಟಬಾರದು. ನೆಗಡಿ ಮಾತ್ರೆ ಒಳಗೂ ಇದೇ ಔಷಧಿ ಇರತ್ತೆ, ಎರಡೂ ಸೇರಿಸಿ ನುಂಗಬೇಡಿ. ಯಾರೋ ವಾಟ್ಸ್ಯಾಪಲ್ಲಿ ಕಳಿಸಿದ ಚೀಟಿ ನೋಡಿ ಸ್ಟಿರಾಯ್ಡ್ ಶುರು ಮಾಡೋದು ಖಂಡಿತ ಬೇಡ. ಆಕ್ಸಿಜನ್ ಸರಿ ಇರೋವಾಗ ಅದರಿಂದ ಲಾಭ ಇಲ್ಲ, ಹಾನಿ ಇದೆ, ಸಕ್ಕರೆ ಏರಿಸತ್ತೆ. ಈಗ ಕಪ್ಪು ಶಿಲೀಂಧ್ರ ಅಂತ ಕೇಳ್ತಿರೋದು ಹೆಚ್ಚಾಗಿ ಸಕ್ಕರೆ ಹತೋಟೀಲಿ ಇಲ್ಲದೆ ಸ್ಟಿರಾಯ್ಡ್ ತಗೊಂಡವರಲ್ಲೇ. ಮೊನ್ನೆ ಗುಂಪಿಗೆ ಬಂದ ಕರ್ಪೂರ, ಓಮ, ಲವಂಗದ ಪೊಟ್ಟಣ ಮೂಸಿದ್ರೆ ಆಕ್ಸಿಜನ್ ಏರಲ್ಲ, ಮೂಗು ಬಿಟ್ಟ ಹಾಗೆ ಅನ್ಸತ್ತೆ ಅಷ್ಟೇ. ಕಷಾಯ ಕುಡೀಲಿ, ಗಂಟಲಿಗೆ ಹಿತ. ಆದ್ರೆ ದಿನಕ್ಕೆ ಐದು ಲೋಟ ಮೆಣಸಿನ ಕಷಾಯ ಕುಡಿಸಿ ಹೊಟ್ಟೆ ಉರಿ ಬರಿಸಿ, ಅದು ಎದೆ ನೋವೋ ಏನೋ ಅಂತ ಓಡೋದು ಬೇಡ.

ಅಣ್ಣನಿಗೂ ಒಂದು ಮಾತು. ದರಕು (ಒಣ ಎಲೆ), ಸೊಪ್ಪು ಅಂತ ಕಾಡಿಗೆ ಹೋಗ್ತಾನಲ್ಲ. ನಮ್ಮ ಕಡೆ ಮೇ ತಿಂಗಳ ಜ್ವರ ಎಲ್ಲಾ ಕೋವಿಡ್ ಅಲ್ಲ. ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಮಂಗನ ಕಾಯಿಲೆ 1957ರಲ್ಲಿ ಗುರುತಾಗಿದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ, ಅದರ ಕಾಲ ಚಳಿಗಾಲದಿಂದ ಮಳೆ ಹಿಡಿಯೋ ತನಕ. ಒಮ್ಮೆಲೇ ಜೋರು ಜ್ವರ, ತಲೆ ಸಿಡಿತ, ಕಣ್ಣು ಕೆಂಪು, ಸೊಂಟ ಮುರಿದ ಹಾಗೆ ನೋವು ಬಂದ್ರೆ, ಉಣುಗು ಕಚ್ಚಿದ್ದು, ಕಾಡಿಗೆ ಹೋಗಿದ್ದು ಎರಡೂ ಆಸ್ಪತ್ರೇಲಿ ಬಾಯಿ ಬಿಟ್ಟು ಹೇಳಬೇಕು. ಅವರು ಕೋವಿಡ್ ಟೆಸ್ಟ್ ನೆಗೆಟಿವ್ ಅಂತ ಮನೆಗೆ ಕಳಿಸಬಾರದಲ್ಲ. ಮಂಗನ ಕಾಯಿಲೆಗೂ ಡೆಂಗಿಗೂ ಮೈಕೈ ನೋವಿನ ಬೇರೆ ಮಾತ್ರೆ, ಆಸ್ಪಿರಿನ್, ಬ್ರೂಫೆನ್ ತರದ್ದು ತಗೋಬಾರದು, ರಕ್ತಸ್ರಾವ ಹೆಚ್ಚತ್ತೆ. ಪ್ಯಾರಾಸಿಟಮಾಲ್ ಒಂದೇ.

ಬಚ್ಚಲು ಒಂದೇ ಅಂದ್ರಿ. ಆಶಾದವರು ಬಂದು ನೋಡಿ, ಬೇರೆ ಶೌಚಾಲಯ ಇಲ್ಲ ಅಂತ ಕೋವಿಡ್ ಕೇರ್ ಸೆಂಟರಿಗೆ ಕಳಿಸಿ ಅಂದ್ರೆ ಜಗಳ ಆಡಬೇಡಿ, ಅಜ್ಜಿ ಇರೋ ಮನೆಗೆ ಅದು ಒಳ್ಳೇದೇ. ಮನೇಲೇ ಇರ್ಲಿ ಅಂದ್ರೆ, ಎಲ್ಲರ ಸ್ನಾನ ಮುಗಿದ ಮೇಲೆ ಕೊನೆಗೆ ಅವನು, ಚಿಲಕ ಹಾಕದೇ. ಹಂಡೆಯ ಸುಡುನೀರು ಹೊಯ್ಕೊಂಡು ತಲೆ ಸುತ್ತಿ ಬಿದ್ರೆ ಬಾಗಿಲು ಒಡೀಬೇಕಾಗತ್ತೆ. ಆಮೇಲೆ ಅರ್ಧ ಗಂಟೆ ಕಿಟಕಿ ತೆಗೆದು ಬಿಟ್ಟು, ನಲ್ಲಿ, ಚಿಲಕ, ಚೊಂಬು ಒರೆಸೋದು. ರಾತ್ರಿ ಮೂತ್ರಕ್ಕೆ ಕೋಣೇಲೇ ಮುಚ್ಚಳದ ಬಕೆಟ್. ಸ್ಯಾನಿಟೈಸರ್ ಬಚ್ಚಲ ಒಲೆ ಹತ್ರ ಇಡಬೇಡಿ, ಕೈಗೆ ಹಚ್ಚಿದ ಕೂಡಲೇ ಸೌದೆ ನೂಕೋಕೆ ಹೋಗ್ಬೇಡಿ, ಬೆಂಕಿ ಹತ್ತತ್ತೆ. ಮನೆ ಒಳಗೆ ಸೋಪೇ ಸಾಕು, 20 ಸೆಕೆಂಡು.

ಬ್ಲೀಚಿಂಗ್ ಪೌಡರ್ ಲೆಕ್ಕ: ಒರೆಸೋಕೆ ಒಂದು ಲೀಟರ್ ತಣ್ಣೀರಿಗೆ ಮಟ್ಟಸ ಒಂದು ಟೀ ಚಮಚ, ಶೌಚಾಲಯಕ್ಕೆ ಲೀಟರಿಗೆ 30 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಕಲಸಿ, ಕದಡು ಕೂತ ಮೇಲೆ ಮೇಲಿನ ತಿಳಿ ತಗೊಂಡು ಒರೆಸಿ ಹತ್ತು ನಿಮಿಷ ಬಿಡಿ. ದಿನಾ ಹೊಸದು. ನಮ್ಮ ಥಂಡಿಗೆ ಪೌಡರ್ ಬೇಗ ಸತ್ತು ಹೋಗತ್ತೆ, ಗಂಟು ಕಟ್ಟಿ ವಾಸನೆ ಇಲ್ಲ ಅಂದ್ರೆ ಅದು ಬರೀ ಸುಣ್ಣ. ಶೌಚಾಲಯ ತೊಳೆಯೋ ಆಸಿಡ್ ಜೊತೆ ಸೇರಿಸಿದ್ರೆ ವಿಷಗಾಳಿ ಏಳತ್ತೆ, ಶ್ವಾಸಕೋಶದ ಕಾಯಿಲೆ ಇರೋ ಮನೇಲಿ ಅದೊಂದು ಆಗಬಾರದು. ಸಗಣಿ ಸಾರಿಸಿದ ನೆಲಕ್ಕೆ ಹಾಕಿ ಪ್ರಯೋಜನ ಇಲ್ಲ, ಸಗಣಿಯೇ ಕ್ಲೋರಿನನ್ನ ತಿಂದು ಹಾಕತ್ತೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋ ಪಂಪಲ್ಲಿ ತುಂಬಿ ಮನೆ ಮೇಲೆ, ಜನರ ಮೇಲೆ ಸಿಂಪಡಿಸೋದಂತೂ ಬೇಡ. ಒರೆಸಿದಷ್ಟು ಕೆಲಸ ಆಗಲ್ಲ, ಕಣ್ಣು ಉರಿಯತ್ತೆ, ಪಂಪೂ ಹಾಳು.

ಊಟ ಅಡಿಕೆ ಹಾಳೆ ತಟ್ಟೆಯಲ್ಲಿ, ತಿಂದಿದ್ದನ್ನ ಅವನೇ ಚೀಲಕ್ಕೆ ಹಾಕ್ಲಿ, ಸಂಜೆ ಸುಡಿ. ಎಂಜಲೆಲೆ ಅಂತ ಅಭ್ಯಾಸಕ್ಕೆ ದನದ ಮುಂದೆ ಹಾಕ್ಬೇಡಿ. ಗಂಜಿ, ಅಪ್ಪೆಮಿಡಿ ರಸ, ಒಂದೆಲಗದ ತಂಬುಳಿ, ಹೆಸರುಕಾಳು ದಿನಾ ಒಂದು ಹೊತ್ತು. ರುಚಿ ಹೋದವರಿಗೆ ಹುಳಿ ಉಪ್ಪು ಸ್ವಲ್ಪ ಮುಂದಿದ್ರೆ ಊಟ ಇಳಿಯತ್ತೆ. ಭೇದಿ ಇದ್ರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹಾಲು ಡೇರಿಗೆ ಒಯ್ಯೋದು ಈ ಹತ್ತು ದಿನ ನಿಲ್ಲಿಸಿ, ಮೊಸರು ಮಾಡಿ ಬೆಣ್ಣೆ ತೆಗೀರಿ. ಹಾಲಿನಿಂದ ಹರಡತ್ತೆ ಅಂತಲ್ಲ, ಡೇರಿ ಮುಂದಿನ ಸಾಲಿನಿಂದ. ಅಡಿಕೆ ಮರ ಹತ್ತೋ ಕೊನೆಗಾರನಿಗೂ ಫೋನ್ ಮಾಡಿ ಹೇಳಿ, ಔಷಧಿ ಹೊಡೆಯೋಕೆ ತೋಟದ ಕಡೆಯಿಂದಾನೇ ಬರ್ಲಿ, ಈ ಸಲ ಜಗಲಿ ಊಟ ಇಲ್ಲ ಅಂತ.

2021ರ ಈ ನಿಯಮದ ಪ್ರಕಾರ ಜ್ವರ ಶುರುವಾಗಿ ಹತ್ತು ದಿನ ಆಗಿ, ಕೊನೆ ಮೂರು ದಿನ ಮಾತ್ರೆ ಇಲ್ಲದೇ ಜ್ವರ ಬಂದಿಲ್ಲ ಅಂದ್ರೆ ಹೊರಗೆ ಬರಬಹುದು, ಮತ್ತೆ ಟೆಸ್ಟ್ ಬೇಕಿಲ್ಲ. ಅಲ್ಲಿ ತನಕ ಕೋಣೇಲಿ ಬಾರಿಸೋ ಗಂಟೆ ಒಂದು ಇಡಿ, ದನದ ಕೊರಳಿಂದು ಇದ್ಯಲ್ಲ, ಅದೇ ಸಾಕು. ರಾತ್ರಿ ಮಳೆ ಸದ್ದಲ್ಲಿ ಕೂಗಿದ್ದು ಒಳಮನೆಗೆ ಕೇಳಲ್ಲ.

ನಾಳೆ ಬೆಳಿಗ್ಗೆ ಇಬ್ಬರದ್ದೂ ನಂಬರ್ ಇಲ್ಲೇ ಹಾಕಿ, ನೋಡಿದ ಟೈಮ್ ಸಮೇತ. ಗಾಡಿಯವರು ಒಪ್ಪಿದ್ರಾ ಅಂತಾನೂ.