ದೊಡ್ಡಪ್ಪ ಕಳಿಸಿದ ಗೀಶಾ ಫೋಟೊ

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಸಂಜೆ ನಡೆದ ಜಗಳ ಇದು. ಶುಭಸಂಜೆಯ ಹೂಗಳನ್ನು ನಾನೇ ತೆಗೆದುಹಾಕಿದ್ದೇನೆ.)

ದೊಡ್ಡಪ್ಪ: (ಫಾರ್ವರ್ಡ್) ಇವರೇ ಜಪಾನಿನ ಗೀಶಾಗಳು! ಶ್ರೀಮಂತರ ಸುಖಕ್ಕಾಗಿ ಚಿಕ್ಕಂದಿನಿಂದಲೇ ತಯಾರು ಮಾಡಿದ ವೇಶ್ಯೆಯರು. ಇಂದಿಗೂ ಒಂದು ರಾತ್ರಿಗೆ ಲಕ್ಷಗಟ್ಟಲೆ! ಹತ್ತು ಜನಕ್ಕೆ ಕಳಿಸಿ.

ಚಿಕ್ಕಮ್ಮ: ಬಟ್ಟೆ ಎಷ್ಟು ಚೆನ್ನಾಗಿದೆ. ಅಷ್ಟೆತ್ತರದ ಚಪ್ಪಲಿ ಹಾಕಿಕೊಂಡು ನಡೆಯುವುದು ಹೇಗೆ?

ಒಸಾಕಾ ಅಣ್ಣ: ದೊಡ್ಡಪ್ಪ, ಫೋಟೊದಲ್ಲಿ ಇರುವವಳು ಗೀಶಾನೇ ಅಲ್ಲ. ಸೊಂಟದ ಅಗಲ ಪಟ್ಟಿ, ಒಬಿಯನ್ನು ಮುಂದೆ ಕಟ್ಟಿದ್ದಾಳೆ ನೋಡಿ. ಕಪ್ಪನೆಯ ಎತ್ತರದ ಹಾವುಗೆ, ತಲೆ ತುಂಬ ಕಡ್ಡಿಗಳು. ಇದು ಒಯಿರಾನ್ ವೇಷ. ಹಿಂದಿನ ಎದೊ ಕಾಲದ, ಅಂದರೆ 17ರಿಂದ 19ನೇ ಶತಮಾನದ ದುಬಾರಿ ವೇಶ್ಯೆಗೆ ಆ ಹೆಸರು. ಅವರ ಕಾಲ ಮುಗಿದುಹೋಗಿದೆ. ಈಗ ಹಬ್ಬಗಳಲ್ಲಿ ಯಾರಾದರೂ ವೇಷ ಹಾಕಿಕೊಂಡು ಆ ಮೆರವಣಿಗೆ ನಡೆಸುತ್ತಾರೆ. ಗೀಶಾ ಒಬಿಯನ್ನು ಬೆನ್ನಿಗೆ ಕಟ್ಟುತ್ತಾಳೆ.

ದೊಡ್ಡಪ್ಪ: ಹಿಂದೆ ಕಟ್ಟಿದರೇನು, ಮುಂದೆ ಕಟ್ಟಿದರೇನು. ಕೆಲಸ ಒಂದೇ ಅಲ್ವಾ?

ಒಸಾಕಾ ಅಣ್ಣ: ಒಂದೇ ಅಲ್ಲ ಅಂತ ವೇಶ್ಯೆಯರ ಕೇರಿಯವರೇ ನಿಯಮ ಮಾಡಿದ್ದರು. ಈಗಿನ ಟೋಕಿಯೊದ ಯೋಶಿವಾರಾ ಕೇರಿಯಲ್ಲಿ 1779ರಲ್ಲಿ ಕೆನ್‌ಬಾನ್ ಅಂತ ನೋಂದಣಿ ಕಚೇರಿ ಬಂತು. ಗೀಶಾ ಹಾಡಬಹುದು, ಕುಣಿಯಬಹುದು, ಶಾಮಿಸೆನ್ ಅನ್ನುವ ಮೂರು ತಂತಿಯ ವಾದ್ಯ ನುಡಿಸಬಹುದು. ವೇಶ್ಯೆಯ ಗಿರಾಕಿಗೆ ಕೈ ಹಾಕುವಂತಿಲ್ಲ. ನೀತಿಗಾಗಿ ಮಾಡಿದ್ದಲ್ಲ ಅದು, ವ್ಯಾಪಾರ ಕೆಡಬಾರದು ಅಂತ. ಇನ್ನೊಂದು ಗೊತ್ತಾ? ಮೊದಮೊದಲ ಗೀಶಾಗಳು ಗಂಡಸರು. ತಮಾಷೆ ಮಾಡುವುದು, ಡೋಲು ಬಡಿಯುವುದು, ಬಂದವರನ್ನು ನಗಿಸುವುದು ಅವರ ಕೆಲಸ. ಹೆಂಗಸರು ಬಂದದ್ದು 18ನೇ ಶತಮಾನದ ನಡುಭಾಗದಲ್ಲಿ.

ಪುಟ್ಟಿ: ಗಂಡು ಗೀಶಾ! ದೊಡ್ಡಪ್ಪ, ಇದನ್ನೂ ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ನಾನು ಸಿನಿಮಾ ನೋಡಿದ್ದೇನೆ. ಹುಡುಗಿಯ ಕನ್ಯತ್ವವನ್ನೇ ಹರಾಜು ಹಾಕುತ್ತಾರೆ. ಲೋಕವೆಲ್ಲ ನೋಡಿದ್ದು ಸುಳ್ಳಾ?

ಪುಟ್ಟಿ: 'ಮೆಮಾಯರ್ಸ್ ಆಫ್ ಎ ಗೀಶಾ' ತಾನೇ? ಮೂವರು ಮುಖ್ಯ ನಟಿಯರಲ್ಲಿ ಇಬ್ಬರು ಚೀನಾದವರು, ಒಬ್ಬರು ಮಲೇಷ್ಯಾದವರು. ಮಾತೆಲ್ಲ ಇಂಗ್ಲಿಷ್. ಲೋಕಕ್ಕೆ ಅಷ್ಟು ಸಾಕು.

ಒಸಾಕಾ ಅಣ್ಣ: ಸಿನಿಮಾ ಬಂದದ್ದು 2005ರಲ್ಲಿ. ಅದರ ಮೂಲ ಕಾದಂಬರಿ 1997ರದ್ದು. ಬರೆದವರು ಅಮೆರಿಕದ ಆರ್ಥರ್ ಗೋಲ್ಡನ್. ಕ್ಯೋಟೊದ ಗೀಶಾ ಕೇರಿಯಾದ ಗಿಯೊನ್‌ನಲ್ಲಿ ಗೀಶಾ ಆಗಿ ಹೆಸರು ಮಾಡಿ ನಿವೃತ್ತರಾಗಿದ್ದ ಇವಾಸಾಕಿ ಮಿನೆಕೊ ಅವರನ್ನು ಕೂರಿಸಿಕೊಂಡು ವಿಷಯ ಕೇಳಿದ್ದರು. ಹೆಸರು ಎಲ್ಲೂ ಬರುವುದಿಲ್ಲ ಅಂತ ಮಾತು ಕೊಟ್ಟಿದ್ದರು ಅನ್ನುವುದು ಇವಾಸಾಕಿ ದೂರು. ಪುಸ್ತಕ ನೋಡಿದರೆ ಕೃತಜ್ಞತೆಯಲ್ಲೇ ಹೆಸರು! ಹರಾಜಾದವಳು ಇವಳೇ ಅಂತ ಜನ ತಿಳಿಯುವುದಿಲ್ಲವಾ? 2001ರಲ್ಲಿ ಕೇಸು ಹಾಕಿದರು, 2003ರಲ್ಲಿ ರಾಜಿಯಾಯಿತು. ನಡುವೆ 2002ರಲ್ಲಿ ತಮ್ಮ ಕಥೆ ತಾವೇ ಬರೆದು ಹೊರತಂದರು. ತಮಗೆ ಅಂಥ ಹರಾಜು ನಡೆದೇ ಇಲ್ಲ ಎಂದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರು ಬಂದರಲ್ಲ, ಆಗ ಕಿಮೊನೊ ಸುತ್ತಿಕೊಂಡು ಬೀದಿಯಲ್ಲಿ ನಿಂತವರೆಲ್ಲ 'ಗೀಶಾ ಗರ್ಲ್' ಆದರು. ಸೈನಿಕರು ಆ ಹೆಸರನ್ನೇ ಊರಿಗೆ ಹೊತ್ತುಕೊಂಡು ಹೋದರು. ಗೀಶಾ ಅಂದರೆ ಕಲಾವಿದೆ ದೊಡ್ಡಪ್ಪ. ಅಷ್ಟೇ.

ಶಿವಮೊಗ್ಗ ಅತ್ತೆ: ಅಷ್ಟೇ ಅನ್ನಬೇಡ ಮರಿ. ಇಷ್ಟು ಹೊತ್ತು ಸುಮ್ನೆ ಓದುತ್ತಾ ಕೂತಿದ್ದೆ. ನಿನ್ನ ದೊಡ್ಡಪ್ಪನ ಫಾರ್ವರ್ಡ್ ಕಸ, ಒಪ್ಪಿದೆ. ಆದರೆ ನೀನು ಹೇಳುತ್ತಿರುವುದು ಗಿಯೊನ್‌ನ ದೊಡ್ಡ ಮನೆಗಳ ಕಥೆ. ಮಸುದ ಸಾಯೊ ಅಂತ ಒಬ್ಬಳಿದ್ದಳು, 1925ರಲ್ಲಿ ಹುಟ್ಟಿದವಳು. ಎಳವೆಯಲ್ಲೇ ಯಾರದೋ ಮನೆಯ ಮಗು ಎತ್ತಿಕೊಳ್ಳುವ ಕೆಲಸಕ್ಕೆ ಹಾಕಿದರು. ಆಮೇಲೆ ಸುವಾ ಅನ್ನುವ ಬಿಸಿನೀರಿನ ಬುಗ್ಗೆಯ ಊರಿನ ಗೀಶಾ ಮನೆಗೆ ಮಾರಿದರು. ಶಾಲೆಯ ಮುಖ ನೋಡಲಿಲ್ಲ. ದೊಡ್ಡವಳಾದ ಮೇಲೆ ಅಕ್ಷರ ಕಲಿತು 1957ರಲ್ಲಿ ತನ್ನ ಬದುಕನ್ನು ಬರೆದಳು. ಇವಳೂ ಗೀಶಾನೇ. ಇವಳ ಮುಂದೆ 'ಕಲಾವಿದೆ, ಅಷ್ಟೇ' ಅನ್ನು ನೋಡೋಣ.

1872ರಲ್ಲಿ ಸರ್ಕಾರ ವೇಶ್ಯೆಯರನ್ನೂ ಗೀಶಾಗಳನ್ನೂ ಒಂದೇ ಆಜ್ಞೆಯಲ್ಲಿ ಬಿಡುಗಡೆ ಮಾಡಿತು. ಅವರನ್ನು ಕಟ್ಟಿಹಾಕಿದ್ದ ಸಾಲ ಯಾಕೆ ಮನ್ನಾ ಅಂದರೆ, ಇವರು ಮನುಷ್ಯರ ಹಕ್ಕು ಕಳೆದುಕೊಂಡು ದನ ಕುದುರೆಗಳ ಹಾಗಿದ್ದಾರೆ, ದನ ಕುದುರೆಗಳನ್ನು ಸಾಲ ತೀರಿಸು ಅಂತ ಕೇಳಲಾಗದು ಅಂತ ಕಾರಣ ಕೊಟ್ಟರು. ಬಿಡುಗಡೆಯ ಕಾಗದದಲ್ಲೇ ಈ ಮಾತು! ಆಮೇಲೆ ಅದೇ ಸಾಲ ಬೇರೆ ಕಾಗದದಲ್ಲಿ ವಾಪಸ್ ಬಂತು, ಅದು ಬಿಡು.

ಚಿಕ್ಕಪ್ಪ: ನಮ್ಮ ದೇವದಾಸಿಯರ ತರ ಅನ್ನಿ.

ಶಿವಮೊಗ್ಗ ಅತ್ತೆ: ಆ ತರ ಅಲ್ಲ. ಅಲ್ಲಿ ದೇವರ ಜೊತೆ ಮದುವೆ ಇಲ್ಲ, ಗುಡಿಯ ಸೇವೆ ಇಲ್ಲ. ಗೀಶಾಗಳು ಗಿರಾಕಿಗಳನ್ನು ರಂಜಿಸುವ ಚಹಾಮನೆ ಮತ್ತು ಲೆಕ್ಕದ ಪುಸ್ತಕ. ಹೊರಗಿನವರ ನಾಲಿಗೆ ಮಾತ್ರ ಎರಡು ಕಡೆಯೂ ಒಂದೇ. ನಂಜನಗೂಡಿನಲ್ಲಿ ಹುಟ್ಟಿದ, ದೇವದಾಸಿ ಮನೆತನದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ದುಡಿಮೆಯ ಹಣದಲ್ಲಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅವರಿಗೂ ಜನ ಮೊದಲು ಅಂಟಿಸಿದ್ದು ವೇಶ್ಯೆ ಅನ್ನುವ ಇದೇ ಹೆಸರನ್ನು.

(ಇಲ್ಲಿ ಚಿಕ್ಕಪ್ಪ ಹಲಸಿನ ಹಪ್ಪಳದ ವಿಡಿಯೊ ಹಾಕಿದರು. ಯಾರೂ ನೋಡಲಿಲ್ಲ.)

ಒಸಾಕಾ ಅಣ್ಣ: ಅತ್ತೆ, ಅದೆಲ್ಲ ಹಳೆಯದು. 1958ಕ್ಕೆ ವೇಶ್ಯಾವೃತ್ತಿ ತಡೆ ಕಾನೂನು ಪೂರ್ತಿ ಜಾರಿಯಾಯಿತು. ಈಗ ಮಾಧ್ಯಮಿಕ ಶಾಲೆ ಮುಗಿಸಿ, 15 ತುಂಬಿದ ಮೇಲೆ, ತಾವೇ ಇಷ್ಟಪಟ್ಟು ಬರುತ್ತಾರೆ. ಮೊದಲು ಮೈಕೊ, ಅಂದರೆ ಕಲಿಯುವವಳು. ತನ್ನದೇ ಕೂದಲನ್ನು ಕಟ್ಟಿಸಿಕೊಂಡು, ಅದು ಕೆಡದಂತೆ ಎತ್ತರದ ದಿಂಬಿನ ಮೇಲೆ ಕತ್ತು ಇಟ್ಟು ಮಲಗುತ್ತಾಳೆ. ಗೀಕೊ ಆದ ಮೇಲೆ ವಿಗ್. ಕ್ಯೋಟೊದಲ್ಲಿ ಗೀಶಾ ಅನ್ನುವುದಿಲ್ಲ, ಗೀಕೊ ಅನ್ನುತ್ತಾರೆ. ಗೀಶಾ ಮನೆ ನಡೆಸುವವಳೂ ಹೆಂಗಸು, ಚಹಾಮನೆಯ ಯಜಮಾನಿಯೂ ಹೆಂಗಸು. ಎಷ್ಟೇ ದುಡ್ಡಿರಲಿ, ಪರಿಚಯದವರು ಕರೆದುಕೊಂಡು ಹೋಗದೆ ಹೊಸಬರನ್ನು ಒಳಗೆ ಬಿಡುವುದಿಲ್ಲ. ಗಂಡಸರು ಬಾಗಿಲಲ್ಲಿ ಕಾಯುವ ಇಂಥ ವ್ಯವಹಾರ ಇನ್ನೆಲ್ಲಿದೆ ಹೇಳಿ?

ಶಿವಮೊಗ್ಗ ಅತ್ತೆ: ಮೈಕೊಗೆ ಸಂಬಳ ಎಷ್ಟು?

ಒಸಾಕಾ ಅಣ್ಣ: ಸಂಬಳ ಇಲ್ಲ. ಊಟ, ವಸತಿ, ಕಿಮೊನೊ, ಪಾಠ ಎಲ್ಲ ಮನೆಯ ಖರ್ಚು. ಕೈಖರ್ಚಿಗೆ ಸ್ವಲ್ಪ ಕೊಡುತ್ತಾರೆ.

ಶಿವಮೊಗ್ಗ ಅತ್ತೆ: ದುಡಿದದ್ದು ಮನೆಗೆ. ಆ ಖರ್ಚು ತೀರಲಿ ಅಂತ. ಇಷ್ಟಪಟ್ಟು ಬಂದಳು, ಸರಿ. ಇಷ್ಟವಿಲ್ಲ ಅಂತ 17ಕ್ಕೆ ಅನ್ನಿಸಿದರೆ? 2022ರಲ್ಲಿ ಹಿಂದೆ ಮೈಕೊ ಆಗಿದ್ದ ಒಬ್ಬ ಹುಡುಗಿ ಟ್ವಿಟರ್‌ನಲ್ಲಿ ಬರೆದಳಲ್ಲ. 16ಕ್ಕೇ ಕುಡಿಸಿದರು, ಗಿರಾಕಿಗಳ ಜೊತೆ ಸ್ನಾನಕ್ಕೆ ಇಳಿ ಅಂದರು ಅಂತ. ಆ ದೇಶದಲ್ಲಿ ಕುಡಿಯಲು 20 ಆಗಿರಬೇಕು.

ಒಸಾಕಾ ಅಣ್ಣ: ಒಬ್ಬಳ ಮಾತನ್ನು ಎಲ್ಲ ಮನೆಗೂ ಹಚ್ಚಬೇಡಿ ಅತ್ತೆ.

ಶಿವಮೊಗ್ಗ ಅತ್ತೆ: ಗಿಯೊನ್ ಒಂದನ್ನೇ ಇಡೀ ಜಪಾನಿಗೆ ಹಚ್ಚಿದ್ದು ಯಾರು?

ದೊಡ್ಡಪ್ಪ: ನೋಡಿದಿರಾ, ಅತ್ತೆ ನನ್ನ ಕಡೆ.

ಶಿವಮೊಗ್ಗ ಅತ್ತೆ: ಖಂಡಿತ ಇಲ್ಲ ಭಾವ. ನೀವು ಅವಳನ್ನು ಬೈಯುತ್ತಿದ್ದೀರಿ. ನಾನು ಅವಳ ಕೂಲಿ ಕೇಳುತ್ತಿದ್ದೇನೆ. ಹತ್ತಾರು ವರ್ಷ ಶಾಮಿಸೆನ್ ಕಲಿತವಳು ಕಲಾವಿದೆಯೇ. ಕಲಾವಿದೆ ಅಂದ ತಕ್ಷಣ ಸಾಲ, ವಯಸ್ಸು, ಸಂಬಳ ಕೇಳಬಾರದು ಅಂತ ಏನಾದರೂ ಇದೆಯಾ?

ಚಿಕ್ಕಮ್ಮ: ಸಾಕು ಬಿಡಿ. ಪುಟ್ಟಿ ಏಪ್ರಿಲ್‌ನಲ್ಲಿ ಕ್ಯೋಟೊಗೆ ಹೋಗುತ್ತಾಳಲ್ಲ, ಇವರು ನೋಡಲು ಸಿಗುತ್ತಾರಾ?

ಒಸಾಕಾ ಅಣ್ಣ: ಸಿಗುತ್ತಾರೆ. ಏಪ್ರಿಲ್ ಪೂರ್ತಿ ಮಿಯಾಕೊ ಒದೊರಿ ಅನ್ನುವ ನೃತ್ಯ ಇರುತ್ತದೆ. ರಾಜಧಾನಿ ಟೋಕಿಯೊಗೆ ಹೋಗಿ ಕ್ಯೋಟೊ ಸೊರಗಿದಾಗ, ಊರಿಗೆ ಜನ ಬರಲಿ ಅಂತ 1872ರಲ್ಲಿ ಶುರು ಮಾಡಿದ್ದು.

ಶಿವಮೊಗ್ಗ ಅತ್ತೆ: ದನ ಕುದುರೆ ಅಂದ ಅದೇ ವರ್ಷ.

ಒಸಾಕಾ ಅಣ್ಣ: ಹೌದು ಅತ್ತೆ, ಅದೇ ವರ್ಷ. ಪುಟ್ಟಿ, ಬೀದಿಯಲ್ಲಿ ಮೈಕೊ ಕಂಡರೆ ಕ್ಯಾಮೆರಾ ಹಿಡಿದು ಅಟ್ಟಿಸಿಕೊಂಡು ಹೋಗಬೇಡ. ಅವಳು ಕೆಲಸಕ್ಕೆ ಹೊರಟಿರುತ್ತಾಳೆ. ಪ್ರವಾಸಿಗರು ತೋಳು ಹಿಡಿದು ಎಳೆಯುವಷ್ಟು ಜಾಸ್ತಿಯಾಗಿ, ಗಿಯೊನ್‌ನ ಖಾಸಗಿ ಗಲ್ಲಿಗಳಲ್ಲಿ 2019ರಲ್ಲಿ ಫೋಟೊ ನಿಲ್ಲಿಸಿದರು. 2024ರಿಂದ ಅಲ್ಲಿ ಕಾಲಿಡುವುದೇ ಬೇಡ ಅಂತ ಬೋರ್ಡ್ ಹಾಕಿದ್ದಾರೆ. ದಂಡ 10,000 ಯೆನ್.

ದೊಡ್ಡಪ್ಪ: ನಮ್ಮ ರೂಪಾಯಲ್ಲಿ?

ಪುಟ್ಟಿ: ಐದಾರು ಸಾವಿರ. ಅಣ್ಣ, ಚಹಾ ಸಮೇತದ ಟಿಕೆಟ್ ಇದೆಯಂತಲ್ಲ?

ಒಸಾಕಾ ಅಣ್ಣ: ಇದೆ, ಅದನ್ನೇ ತೆಗೆಸು. ಆಟಕ್ಕೆ ಮುಂಚೆ ಗೀಕೊ ಒಬ್ಬರು ಎದುರಿಗೇ ಚಹಾ ಮಾಡುತ್ತಾರೆ. ಬೇಗ ಖಾಲಿಯಾಗುತ್ತದೆ, ದಿನಾಂಕ ಕಳಿಸು.