ಮಂಡಿ ಫೋನ್ ಬಂದ್ರೆ ತಮ್ಮನಿಗೆ ಎದೆ ಡವಡವ: ಕಾರಣ ಪತ್ತೆ ಹಚ್ಚೋದು ಹೇಗೆ?

ಟೊಮೆಟೊ_ತೋಟ, ಕೋಲಾರ
ಎಪಿಎಂಸಿಗೆ ಬಾಕ್ಸ್ ಕಳಿಸಿದ ದಿನ ಮಂಡಿಯಿಂದ ಫೋನ್ ಬಂದ್ರೆ ಸಾಕು, ತಮ್ಮನಿಗೆ ಎದೆ ಹೊಡ್ಕೊಳ್ಳುತ್ತೆ, ಬೆರಳು ಜುಮ್ಮೆನ್ನುತ್ತೆ, ಉಸಿರು ಸಾಲಲ್ಲ ಅಂತಾನೆ. ಇಸಿಜಿ ನಾರ್ಮಲ್. ಆದ್ರೆ ಒಂದೊಂದು ದಿನ ರೇಟು ಬಿದ್ರೂ ಏನೂ ಆಗಲ್ಲ. ಹಾಗಾದ್ರೆ ಕಾರಣ ರೇಟಾ, ಬೇರೆ ಏನಾದ್ರೂನಾ?

ಆಪ್ತಸಲಹೆಗಾರ್ತಿ, ತುಮಕೂರು
ಆ "ಏನೂ ಆಗದ ದಿನ"ದಲ್ಲೇ ಸುಳಿವಿದೆ. ಫೋನು ಕಿಡಿ ಹೊತ್ತಿಸುತ್ತೆ ನಿಜ, ಆದ್ರೆ ನಿದ್ದೆಗೆಟ್ಟಿದ್ದು, ಖಾಲಿ ಹೊಟ್ಟೇಲಿ ಕುಡಿದ ಟೀ, ಹಿಂದಿನ ದಿನ ಸಾಲದವರು ಬಂದು ಹೋಗಿದ್ದು, ಇವೆಲ್ಲ ಸೇರಿದ ದಿನ ಅದೇ ಫೋನು ತಡ್ಕೊಳ್ಳೋಕಾಗಲ್ಲ. ಎರಡು ವಾರ ನೋಟ್‌ಬುಕ್‌ನಲ್ಲಿ ಬರೆಸಿ: ಹೊತ್ತು, ಜಾಗ, ಮೈಯಲ್ಲಿ ಮೊದಲು ಏನಾಯ್ತು, ಆ ಕ್ಷಣ ಬಂದ ಯೋಚನೆ, 0–10ರಲ್ಲಿ ಭಯ ಎಷ್ಟು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಏನು ತಿಂದ. ಅರ್ಧ ಗಂಟೆಯೊಳಗೆ ಬರೀಬೇಕು. ರಾತ್ರಿ ಕೂತು ಬರೆದ್ರೆ "ರೇಟು" ಅನ್ನೋದೊಂದೇ ನೆನಪಿರುತ್ತೆ. ಭಯ ಬರದ ದಿನವನ್ನೂ ಬಿಡದೆ ಬರೀಲಿ, ಹೋಲಿಸೋಕೆ ಅದೇ ಬೇಕು.

ನರ್ಸಿಂಗ್_ಕನ್ನಡ
ಬೆರಳು ಜುಮ್ಮೆನ್ನೋದು ಹೆಚ್ಚಾಗಿ ಉಸಿರು ಜಾಸ್ತಿ ಎಳ್ಕೊಳ್ಳೋದ್ರಿಂದ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಉಸಿರು ಸಾಲದ ಹಾಗನ್ಸುತ್ತೆ, ಇನ್ನೂ ಎಳೀತಾರೆ. ಆಗ "ಜೋರಾಗಿ ಉಸಿರೆಳ್ಕೋ" ಅನ್ನಬೇಡಿ, ಅದು ಹೆಚ್ಚು ಮಾಡುತ್ತೆ. ಮೂಗಲ್ಲಿ ಮೆಲ್ಲಗೆ 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ, 5 ನಿಮಿಷ. ಆರಾಮಾಗಿದ್ದಾಗ ದಿನಾ ರೂಢಿ ಮಾಡಿದ್ರೆ ಮಾತ್ರ ಆ ಹೊತ್ತಿಗೆ ಕೈಗೆ ಬರುತ್ತೆ. ಆದ್ರೆ ಕೆಲಸ ಮಾಡುವಾಗ ಎದೆನೋವು ಬಂದ್ರೆ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ.

ಟೊಮೆಟೊ_ತೋಟ, ಕೋಲಾರ
ಈಗ ಫೋನ್ ನಾನೇ ಎತ್ತುತೀನಿ. ಮೆಡಿಕಲ್‌ನಲ್ಲಿ ನಿದ್ದೆ ಮಾತ್ರೆ ತರೋಣ್ವಾ?

ಆಪ್ತಸಲಹೆಗಾರ್ತಿ, ತುಮಕೂರು
ಎರಡೂ ಬೇಡ ಅಣ್ಣ. ನೀವು ಎತ್ತಿದಷ್ಟೂ ಅವನ ಭಯ ಬಲಿಯುತ್ತೆ. ಮೆಟ್ಟಿಲು ಮಾಡಿ: ಲೋಡ್ ಇಲ್ಲದ ದಿನ ಅವನೇ ಮಂಡಿಗೆ ಫೋನ್ ಮಾಡಿ ರೇಟು ಕೇಳಲಿ. ಆಮೇಲೆ ಲೋಡ್ ದಿನ ನೀವು ಪಕ್ಕದಲ್ಲಿದ್ದಾಗ, ಕೊನೆಗೆ ಒಬ್ಬನೇ. ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕೆ ಇಳಿದ ಮೇಲೇ ಮುಂದಿನದು.

ಆಲ್ಪ್ರಜೋಲಾಮ್ ತರದ ನಿದ್ದೆ ಮಾತ್ರೆ ಡಾಕ್ಟರ್ ಚೀಟಿ ಇಲ್ಲದೆ ಬೇಡವೇ ಬೇಡ, ಚಟ ಹಿಡಿಯುತ್ತೆ. ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಡಾಕ್ಟರ್‌ಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆ, ಕನ್ನಡದಲ್ಲೇ, ದುಡ್ಡಿಲ್ಲ. "ಬದುಕೋದೇ ಬೇಡ" ಅನ್ನೋ ಮಾತು ಬಾಯಲ್ಲಿ ಬಂದ್ರೆ ಒಬ್ಬನೇ ಬಿಡಬೇಡಿ. ಆವತ್ತೇ ಕೀಟನಾಶಕದ ಡಬ್ಬಿಗಳನ್ನ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ರ ಇಟ್ಕೊಂಡು ಈ ನಂಬರಿಗೆ ಫೋನ್ ಮಾಡಿ.